ಕೈಗೆ ಗೊತ್ತಿದ್ದ ಮಾತು

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಏಳನೇ ತರಗತಿಯವರೆಗೆ ಓದಿದ್ದೇನೆ. ಗಂಡ ಆರೋಗ್ಯ ಇಲಾಖೆಯಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದಿಂದ ಸಿಕ್ಕ ಕೆಲಸ ಇದು. ಮೊದಲು ಶಿಕಾರಿಪುರ ತಾಲ್ಲೂಕು, ಆಮೇಲೆ ವರ್ಗವಾಗಿ ಸೊರಬದ ಕಡೆ. ಎರಡು ಕಡೆಯೂ ನೆಲ ಒರೆಸಿದ್ದೇನೆ, ಬೆಡ್‌ಪ್ಯಾನ್ ಇಟ್ಟಿದ್ದೇನೆ, ಹೆರಿಗೆ ಕೋಣೆಯಲ್ಲಿ ಕೈ ಹಿಡಿದುಕೊಂಡು ನಿಂತಿದ್ದೇನೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಓದಲು ಹಳಬರ ಅನುಭವಗಳನ್ನು ಬರೆಸುತ್ತಿದ್ದೇವೆ ಎಂದು ಹೆಡ್ ನರ್ಸ್ ಫೋನ್ ಮಾಡಿದ್ದರು. "ಏನ್ ಬೇಕಾದ್ರೂ ಬರೀರಿ ಗಿರಿಜಕ್ಕ. ಬೀಳ್ಕೊಡುಗೆ ದಿನದ ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬೇಡ ಮಾರಾಯ್ತಿ. ಎಲ್ಲರೂ ಅದನ್ನೇ ಬರೀತಾರೆ" ಎಂದರು. ಸರಿ, ಅದನ್ನು ಬಿಟ್ಟೆ. ಬರೆಯಲು ಕುಳಿತಾಗ ಕೈ ಹೋಗಿದ್ದು ಒಂದೇ ವಿಷಯಕ್ಕೆ. ಎದೆಯೊಳಗಿನ ಒಂದು ಕವಾಟ, ಅದರ ಕಾಯಿಲೆ, ಅದನ್ನು ನನ್ನ ಅಂಗೈ ಕಲಿತದ್ದು. ಮತ್ತೆ ಆ ಅಂಗೈಗೆ ಗೊತ್ತಿದ್ದದ್ದನ್ನು ನಾನು ಮುಚ್ಚಿಟ್ಟದ್ದು. ಈ ಕೊನೆಯದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಬರೆದೇ ತೀರುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರಿರಲಿಲ್ಲ. ದೊಡ್ಡ ಡಾಕ್ಟರು ಧಾರವಾಡ ಕಡೆಯವರು. ಎತ್ತರದ ಆಳು, ಗಟ್ಟಿ ಗಂಟಲು, ಬಾಯಲ್ಲಿ ಸದಾ ಏಲಕ್ಕಿ. ಹಳ್ಳಿಯ ಹೆಂಗಸರು ಅವರ ಮುಂದೆ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡು ಕೂರುತ್ತಿದ್ದರು. ಬಟ್ಟೆಯ ಮೇಲೆ ಸ್ಟೆತಸ್ಕೋಪ್ ಇಡುವುದಕ್ಕೇ ಒಪ್ಪಿಗೆ ಕಷ್ಟ. ಕೈ ಇಟ್ಟು ನೋಡುವ ಮಾತೇ ಇಲ್ಲ. ಒಂದು ದಿನ ಅವರು ಬೇಸತ್ತು ನನ್ನನ್ನು ಕರೆದರು.

"ಗಿರಿಜವ್ವಾ, ಇಲ್ಲಿ ಬರ್‍ರಿ. ನಿಮ್ಮ ಕೈ ನಂಗ ಸಾಲ ಕೊಡ್ರಿ."

"ನನ್ನ ಕೈಯಾ ಸಾರ್?"

"ಹೂಂ. ಎಡ ಮೊಲೀ ಕೆಳಗ ಅಂಗೈ ಇಡ್ರಿ. ಏನ್ ತಿಳೀತದ ಅಷ್ಟ ಹೇಳ್ರಿ. ನಿಮ್ಮ ಡಾಕ್ಟರಿಕಿ ಬ್ಯಾಡ."

ಪರದೆಯ ಆಚೆ ಅವರು, ಈಚೆ ನಾನು ಮತ್ತು ರೋಗಿ. ಹೀಗೆ ಶುರುವಾಯಿತು. ಮೊದಮೊದಲು ನನಗೆ ಏನೂ ತಿಳಿಯುತ್ತಿರಲಿಲ್ಲ. "ಬಡೀತದೆ ಸಾರ್" ಎನ್ನುತ್ತಿದ್ದೆ. "ಬಡೀಲಿಲ್ಲಂದ್ರ ನನ್ನ ಯಾಕ ಕರೀತಿದ್ರಿ, ಸ್ವಾಮಿಗಳನ್ನ ಕರೀತಿದ್ರಿ" ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಮಂಚದ ಮೇಲಿದ್ದವಳೂ ನಗುತ್ತಿದ್ದಳು.

ಡಾಕ್ಟರು ಬಿಡುವಿದ್ದಾಗ ಹೇಳಿಕೊಟ್ಟರು. ಹೃದಯದ ಎಡಗಡೆ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ನಡುವೆ ಕವಾಟ, ಹೆಸರು ಮೈಟ್ರಲ್. "ಕೆರೀ ತೂಬು ಅಂತ ತಿಳ್ಕೋರಿ" ಎಂದರು. ಶಿಕಾರಿಪುರದ ಕಡೆಯವಳಿಗೆ ತೂಬು ಬಿಡಿಸಿ ಹೇಳಬೇಕಾಗಿಲ್ಲ. ತೂಬು ಪೂರ್ತಿ ತೆರೆಯದಿದ್ದರೆ ಅದು ಕಿರಿದಾದ ಕವಾಟ. ನೀರು ಹಿಂದೆ ನಿಂತ ಹಾಗೆ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶ ಒದ್ದೆಯಾಗುತ್ತದೆ, ಉಸಿರು ಕಟ್ಟುತ್ತದೆ. ತೂಬು ಪೂರ್ತಿ ಮುಚ್ಚದಿದ್ದರೆ ಅದು ಸೋರುವ ಕವಾಟ. ಕೆಳಗಿನ ಕೋಣೆ ಒತ್ತಿದಾಗೆಲ್ಲ ಸ್ವಲ್ಪ ರಕ್ತ ಮೇಲಕ್ಕೆ ವಾಪಸು ಬರುತ್ತದೆ. ಒಂದೇ ಕೆಲಸವನ್ನು ಎರಡೆರಡು ಸಲ ಮಾಡಿ ಹೃದಯ ದಪ್ಪವಾಗುತ್ತದೆ. ಈ ರೋಗಿಗೆ ಮೊದಲು ಸುಸ್ತು, ಏದುಸಿರು ಆಮೇಲೆ. ಕಿರಿದಾದವರಿಗೆ ಏದುಸಿರೇ ಮೊದಲು.

ನನ್ನ ಮೊದಲ ದೊಡ್ಡ ತಪ್ಪು ತಲೆದಿಂಬಿನದು. ಶಿರಾಳಕೊಪ್ಪದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳು ದಾಖಲಾಗಿದ್ದಳು. ಅಕ್ಕಪಕ್ಕದ ಮಂಚಗಳ ದಿಂಬನ್ನೆಲ್ಲ ಸೇರಿಸಿಕೊಂಡು ಗೋಪುರ ಮಾಡಿ ಒರಗಿದ್ದಳು. ಬೆಳಿಗ್ಗೆ ಮೇಲಧಿಕಾರಿಗಳ ತಪಾಸಣೆ ಇತ್ತು. ವಾರ್ಡು ಚೊಕ್ಕಟ ಕಾಣಬೇಕೆಂದು ನಾನು ಎರಡು ದಿಂಬು ಕಿತ್ತುಕೊಂಡು ಅವಳನ್ನು ನೆಟ್ಟಗೆ ಮಲಗಿಸಿದೆ. "ಬ್ಯಾಡ್ರವ್ವಾ" ಎಂದಳು, ಕೇಳಲಿಲ್ಲ. ಹತ್ತು ನಿಮಿಷಕ್ಕೆ ಅವಳು ಎದ್ದು ಕೂತು, ಮಂಚದ ಅಂಚು ಹಿಡಿದು, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು.

ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟು ಅವಳನ್ನು ಉಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಆ ದಿಂಬು ಆಕೀ ಔಷಧ ರೀ! ಗುಳಿಗಿ ಕಸ್ಕೊಂಡ್ರಿ ನೀವು."

ಅಂದಿನಿಂದ ಎಷ್ಟು ದಿಂಬು ಎಂದು ಕೇಳುವುದು ರೂಢಿಯಾಯಿತು. ಆದರೆ ಆ ಪ್ರಶ್ನೆ ನಮ್ಮೂರುಗಳಲ್ಲಿ ನಡೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ದಿಂಬೇ ಇರುತ್ತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನು ನಾನೇ ಬದಲಾಯಿಸಿದೆ: ಮಲಗಿದಾಗ ಗೋಡೆಗೆ ಒರಗುತ್ತೀಯಾ? ಜೋಳದ ಚೀಲಕ್ಕೆ ಒರಗುತ್ತೀಯಾ? ನಿದ್ದೆಯಿಂದ ಎದ್ದು ಕಿಟಕಿ ತೆಗೆಯುತ್ತೀಯಾ? ಹೌದು ಎಂದವರನ್ನು ಡಾಕ್ಟರ ಸಾಲಿನಲ್ಲಿ ಮುಂದೆ ಕೂರಿಸುತ್ತಿದ್ದೆ. ನೀವೂ ಕೂರಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಆ ತರಕಾರಿಯವಳ ಎದೆಯ ಮೇಲೆಯೇ ನನ್ನ ಕೈ ಮೊದಲ ಪಾಠ ಕಲಿತಿದ್ದು. ಒಂದೊಂದು ಬಡಿತಕ್ಕೂ ಹಲಗೆಯ ಹಿಂದಿನಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಚುರುಕಾಗಿ, ಚಿಕ್ಕದಾಗಿ, ಇದ್ದ ಜಾಗದಲ್ಲೇ. ಎಡ ಮಗ್ಗುಲಿಗೆ ತಿರುಗಿಸಿ, ಉಸಿರು ಬಿಟ್ಟು ಹಿಡಿದುಕೋ ಎಂದಾಗ ಅಂಗೈಯ ಕೆಳಗೆ ಮಡಿಲಲ್ಲಿ ಮಲಗಿದ ಬೆಕ್ಕಿನ ಗುರುಗುರು.

"ಇನ್ನೊಂದು ಕೈ ಬೆರಳು ಕುತ್ತಿಗಿ ನಾಡೀ ಮ್ಯಾಲ ಇಡ್ರಿ" ಎಂದರು ಡಾಕ್ಟರು. "ನಡುಕ ನಾಡೀ ಜೋಡಿ ಬರ್ತದೋ, ಎರಡು ನಾಡೀ ನಡುವ ಬರ್ತದೋ?"

"ನಡುವೆ ಸಾರ್."

"ಹಂಗಾರ ಕಿರಿದು. ಜೋಡಿ ಬಂದ್ರ ಸೋರಿಕಿ. ಇಷ್ಟ ನೋಡ್ರಿ ವಿದ್ಯಾ. ಇದಕ್ಕ ನಾ ಎಷ್ಟು ವರ್ಷ ಓದೀನಿ ಗೊತ್ತೇನು?"

ಅವರು ಸ್ಟೆತಸ್ಕೋಪನ್ನು ನನ್ನ ಕಿವಿಗೂ ಇಟ್ಟರು. ಮೊದಲ ಸದ್ದು ಬಾಗಿಲು ದಡಾರನೆ ಹಾಕಿದ ಹಾಗೆ ಜೋರು. ಆಮೇಲೆ ಎರಡನೆಯದು, ಅದರ ಬೆನ್ನಿಗೇ ಚಿಟಿಕೆ ಹೊಡೆದಂತೆ ಒಂದು ಸಣ್ಣ ಸದ್ದು, ಅದರ ಹಿಂದೆ ದೂರದ ಮರದ ಸೇತುವೆ ಮೇಲೆ ಗಾಡಿ ಹೋದ ಹಾಗೆ ಗುಡುಗುಡು. ಆ ಗುಡುಗುಡು ಅದೇ ಜಾಗದಲ್ಲಿ ಇರುತ್ತದೆ, ಎಲ್ಲೂ ಹರಿಯುವುದಿಲ್ಲ. ಕೇಳಿಸದಿದ್ದರೆ ರೋಗಿಯನ್ನು ನಾಲ್ಕು ಸಲ ಎಬ್ಬಿಸಿ ಕೂರಿಸಿ ಮತ್ತೆ ಕೇಳಬೇಕು.

ಸೋರಿಕೆ ಕಲಿತದ್ದು ಬಂದಳಿಕೆ ಕಡೆಯಿಂದ ಬಂದ ಕೂಲಿ ಹೆಂಗಸಿನಿಂದ. ಅವಳಿಗೆ ಉಸಿರಿನ ತೊಂದರೆ ಅಷ್ಟಿರಲಿಲ್ಲ. "ಕೈಕಾಲಾಗೆ ಜೀವಾನೇ ಇಲ್ರೀ, ನಾಟಿ ಸಾಲಾಗೆ ಎಲ್ರಿಗಿಂತ ಹಿಂದೆ ಬೀಳ್ತೀನಿ, ಮೈಗಳ್ಳಿ ಅಂತ ಬೈತಾರೆ" ಎಂದಳು. ಕೈ ಇಟ್ಟರೆ ಬಡಿತ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹುಡುಕುತ್ತಾ ಹೋದೆ, ಕೆಳಗೆ, ಕಂಕುಳ ಕಡೆಗೆ ಸರಿದಿತ್ತು. ತಟ್ಟುವುದಲ್ಲ ಅದು, ಗುದ್ದುವುದು. ಕರು ಕೆಚ್ಚಲಿಗೆ ಗುದ್ದುತ್ತದಲ್ಲ, ಹಾಗೆ ಅಂಗೈಯನ್ನೇ ಎತ್ತುತ್ತಿತ್ತು. ಕಿವಿಗೆ ಮೊದಲ ಸದ್ದು ಮೆತ್ತಗೆ. ಅದರಿಂದ ಎರಡನೆಯದರವರೆಗೆ ಬಿಡುವಿಲ್ಲದೆ ಕುಕ್ಕರಿನ ಹಬೆಯ ಹಾಗೆ ಉಸ್ಸ್ ಎನ್ನುತ್ತಿತ್ತು. ಆ ಉಸ್ಸು ಕಂಕುಳವರೆಗೂ ಕೇಳಿಸುತ್ತಿತ್ತು.

ಮೂರನೆಯ ಬಗೆಯೂ ಒಂದಿದೆ. ಸಣ್ಣಗೆ ಉದ್ದಕ್ಕೆ ಇದ್ದ ಕಾಲೇಜು ಹುಡುಗಿ, ಹಾರ್ಟ್ ಅಟ್ಯಾಕ್ ಎಂದು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಎದೆ ಡಬಡಬ, ಸೂಜಿ ಚುಚ್ಚಿದ ಹಾಗೆ ನೋವು. ಡಾಕ್ಟರು ಮಲಗಿಸಿ ಕೇಳಿದರು, ನಿಲ್ಲಿಸಿ ಕೇಳಿದರು. ನಡುವೆ ಟಿಕ್ ಎಂಬ ಸದ್ದು, ಅದರ ಹಿಂದೆ ಚೂರು ಉಸ್ಸು. ನಿಂತಾಗ ಅದು ಬೇಗ ಬರುತ್ತಿತ್ತು. ಕವಾಟದ ಪರದೆ ಗಾಳಿಗೆ ಉಬ್ಬಿದ ಹಾಗೆ ಹಿಂದಕ್ಕೆ ಉಬ್ಬುತ್ತದೆ, ಹೆಚ್ಚಿನವರಿಗೆ ಅಪಾಯವಿಲ್ಲ, ಆಗಾಗ ತೋರಿಸಿಕೊಂಡರೆ ಸಾಕು ಎಂದರು. ಜೊತೆಗೆ ಬಂದಿದ್ದ ಹನ್ನೊಂದು ಜನ ನೆಂಟರಿಗೆ "ನೀವೆಲ್ಲಾ ಆಚೀಗೆ ಹೋಗ್ರಿ, ಅರ್ಧ ಕಾಯಿಲೆ ಈಗ ಹೋಗ್ತದ" ಎಂದರು.

ಇಷ್ಟೆಲ್ಲ ಕಲಿತಿದ್ದೆ ಎನ್ನುವುದನ್ನು ನೀವು ನೆನಪಿಟ್ಟುಕೊಳ್ಳಬೇಕು. ಮುಂದೆ ಬರೆಯುವುದು ತಿಳಿಯದವಳು ಮಾಡಿದ ತಪ್ಪಲ್ಲ.

ನನ್ನ ತಂಗಿ ಶಿವಲೀಲಾ. ಲೀಲಾ ಎಂದೇ ಕರೆಯುವುದು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ನಮ್ಮ ತೌರು ಉಡುತಡಿಯ ಹತ್ತಿರ. ಅಪ್ಪ ಬೇಗ ಹೋದರು, ಅವ್ವನಿಗೆ ಕಣ್ಣು ಮಂದ. ಲೀಲಾಳನ್ನು ಬೆಳೆಸಿದವಳು ನಾನೇ. ಅವಳಿಗೆ ಹನ್ನೊಂದನೇ ವಯಸ್ಸಿನಲ್ಲಿ ಗಂಟಲು ನೋವು ಬಂದು ಹೋದ ಮೇಲೆ ಜ್ವರ, ಕೀಲು ನೋವು. ಇವತ್ತು ಮೊಣಕಾಲು ಬಾತರೆ ನಾಳೆ ಅದು ಇಳಿದು ಕಾಲಿನ ಹರಡು ಊದುತ್ತಿತ್ತು. ಬೆಳೆಯುವ ಮಕ್ಕಳ ನೋವು ಎಂದು ಎಣ್ಣೆ ತಿಕ್ಕಿದೆವು. ಆಗ ನಾನಿನ್ನೂ ಆಸ್ಪತ್ರೆಗೆ ಸೇರಿರಲಿಲ್ಲ, ಆ ಜ್ವರವೇ ಮುಂದೆ ಕವಾಟ ಕೆಡಿಸುತ್ತದೆ ಎಂದು ತಿಳಿದಿರಲಿಲ್ಲ. ಆ ತಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೊಡ್ಡವಳಾದ ಮೇಲೆ ಅವಳು ನೀರು ತರುವಾಗ ನಡುದಾರಿಯಲ್ಲಿ ಕೊಡ ಇಳಿಸಿ ನಿಲ್ಲುತ್ತಿದ್ದಳು. "ಏನೇ, ರಾಣಿ ಸವಾರಿ ನಿಂತೈತಿ?" ಎಂದು ನಾನೇ ಹಂಗಿಸುತ್ತಿದ್ದೆ. "ಉಸ್ರು ತಗಳಾಕ್ ಬಿಡೇ ಅಕ್ಕಾ" ಎನ್ನುತ್ತಿದ್ದಳು. ಕೆನ್ನೆ ಮಾತ್ರ ಸದಾ ಕೆಂಪು. ಹೆಣ್ಣು ನೋಡಲು ಬಂದವರೆಲ್ಲ ಆ ಕೆನ್ನೆಯನ್ನೇ ಹೊಗಳಿದರು. ಕಿರಿದಾದ ಕವಾಟದವರ ಕೆನ್ನೆ ಹಾಗೆ ಕೆಂಪೇರುತ್ತದೆ ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಬೇರೆಯವರ ಮನೆಯ ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕಂಡದ್ದು ನನ್ನ ಮನೆಯಲ್ಲಿ ಚೆಲುವಾಗಿ ಕಂಡಿತು.

ಎರಡು ಸಂಬಂಧ ತಪ್ಪಿ ಮೂರನೆಯದು ಕೂಡಿಬಂತು. ಸೊರಬದ ಕಡೆಯ ಒಕ್ಕಲುತನದ ಮನೆ, ಒಳ್ಳೆಯ ಜನ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಅರಿಶಿನ ಹಚ್ಚುವ ಶಾಸ್ತ್ರ. ಐದು ಜನ ಮುತ್ತೈದೆಯರು ಹಚ್ಚಿದರು. ನಾನು ವಿಧವೆ, ಶಾಸ್ತ್ರಕ್ಕೆ ಬರುವ ಹಾಗಿಲ್ಲ. ಆಮೇಲೆ ಬಚ್ಚಲಲ್ಲಿ ಅರಿಶಿನ ತೊಳೆದು ನೀರು ಹಾಕುವ ಕೆಲಸ ನನಗೆ ಬಂತು. ಲೀಲಾ ಲಂಗವನ್ನು ಎದೆಗೆ ಕಟ್ಟಿಕೊಂಡು ಮಣೆಯ ಮೇಲೆ ಎಡಕ್ಕೆ ವಾಲಿ ಕೂತಿದ್ದಳು. ಬೆನ್ನು ತಿಕ್ಕಿ, ಒಂದು ಕೈಯಿಂದ ಕುತ್ತಿಗೆಯ ಅರಿಶಿನ ಉಜ್ಜುತ್ತಾ ಇನ್ನೊಂದು ಕೈಯನ್ನು ಪಕ್ಕೆಗೆ ಹಾಕಿದೆ.

ಎರಡು ಕೈಯೂ ತಮ್ಮ ಜಾಗ ತಾವೇ ಹುಡುಕಿಕೊಂಡವು. ಬೆರಳ ಕೆಳಗೆ ನಾಡಿ. ಅಂಗೈ ಕೆಳಗೆ ಆ ತಟ್ಟು. ನಾಡಿ, ನಾಡಿ, ನಡುವೆ ಬೆಕ್ಕಿನ ಗುರುಗುರು.

"ಯಾಕೇ ನಿಂತಿ ಅಕ್ಕಾ, ಚಳಿ ಆಗ್ತೈತಿ" ಎಂದಳು.

"ಎದೆ ಡಬಡಬ ಅಂತೈತಲ್ಲೇ" ಎಂದೆ.

"ಮದ್ವೆ ಅಂದ್ರೆ ಅನ್ನಂಗಿಲ್ವಾ? ನಿಂದು ಅಂದಿರ್ಲಿಲ್ಲೇನು?" ಎಂದು ನಕ್ಕಳು. ನಾನೂ ನಕ್ಕು ನೀರು ಹಾಕಿದೆ.

ಹೊರಗೆ ಚಪ್ಪರ ಎದ್ದಿತ್ತು, ಅಡುಗೆಯವರು ಒಲೆ ಹಚ್ಚಿದ್ದರು. ಕಿರಿದಾದ ಕವಾಟದ ಹೆಂಗಸು ಬಸಿರಾದರೆ ಮೈಯಲ್ಲಿ ರಕ್ತ ಹೆಚ್ಚುತ್ತದೆ, ತೂಬು ಮಾತ್ರ ಅಷ್ಟೇ ಇರುತ್ತದೆ, ಆಗಲೇ ಮುಳುಗುತ್ತಾಳೆ ಎಂದು ಡಾಕ್ಟರು ಎಷ್ಟೋ ಗಂಡಂದಿರಿಗೆ ನನ್ನೆದುರೇ ಹೇಳಿದ್ದರು. ಅದು ಆ ಕ್ಷಣ ನೆನಪಿಗೆ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮದುವೆ ಮುಗಿಯಲಿ, ಆಮೇಲೆ ಕರೆದುಕೊಂಡು ಹೋಗಿ ತೋರಿಸಿದರಾಯಿತು ಎಂದುಕೊಂಡೆ. ಮದುವೆಯಾಯಿತು. ಸುಗ್ಗಿ ಮುಗಿಯಲಿ ಎಂದೆ. ಸುಗ್ಗಿಯೂ ಮುಗಿಯಿತು. ಬಸಿರಾದ ಸುದ್ದಿ ಬಂತು. ಆಗಲೂ ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಮೊದಲೇ ಗೊತ್ತಿತ್ತೆಂದು ಬೀಗರಿಗೆ ತಿಳಿಯುತ್ತದೆ, ಅವಳನ್ನು ತೌರಿಗೆ ಅಟ್ಟುತ್ತಾರೆ ಎಂಬ ಭಯ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಆರು ತುಂಬಿದ ಮೇಲೆ ನೋಡಲು ಹೋದೆ. ಅವಳ ಅತ್ತೆ ನನಗೆ ಬೆಲ್ಲ ನೀರು ಕೊಟ್ಟು ನಗುತ್ತಾ ಹೇಳಿದರು: "ನಿಮ್ ತಂಗಿ ಗ್ವಾಡೆಗೆ ಒರಗಿ ಕೂತ್ಕಂಡೇ ನಿದ್ದೆ ಮಾಡ್ತಾಳೆ ಕಣ್ರೀ. ಒಳ್ಳೆ ಬಸ್ಸಲ್ಲಿ ಸೀಟು ಸಿಕ್ಕೋರ ಥರ!"

ಆ ನಗು ಕೇಳಿ ಲೋಟ ಕೆಳಗಿಟ್ಟೆ. ಅದೇ ಮಧ್ಯಾಹ್ನ, ಸೋದರತ್ತೆಗೆ ಹುಷಾರಿಲ್ಲವೆಂದು ಇನ್ನೊಂದು ಸುಳ್ಳು ಹೇಳಿ ಅವಳನ್ನು ಹೊರಡಿಸಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ಅವಳು ಕೆಮ್ಮಿದಳು. ಸೆರಗಿನ ಮೇಲೆ ತಿಳಿಗೆಂಪು ನೊರೆ. ಬಸ್ಸಿಗೆ ಕಾಯದೆ ನಮ್ಮ ಆಸ್ಪತ್ರೆಗೆ ಕಾರು ಹಿಡಿದೆ.

ಡಾಕ್ಟರು ಪರದೆಯ ಆಚೆ ಬಂದು ನಿಂತು ಎಂದಿನಂತೆ ಹೇಳಿದರು: "ಗಿರಿಜವ್ವಾ, ಕೈ ಇಡ್ರಿ."

ನನ್ನ ಕೈ ಏಳಲಿಲ್ಲ. "ಕಿರಿದು ಸಾರ್. ನಡುಕ ನಡುವೆ ಬರ್ತದೆ" ಎಂದೆ.

"ಕೈ ಇಡದ ಹೆಂಗ ಗೊತ್ತಾತು?"

ಡಾಕ್ಟರು ಪರದೆ ಸರಿಸಿ ಒಳಗೆ ಬಂದರು. ನನ್ನ ಮುಖ ನೋಡಿದರು. ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಾಕಿಸಿ, ಕಾಲು ಇಳಿಬಿಟ್ಟು ಕೂರಿಸಿ, ಆಂಬುಲೆನ್ಸಿಗೆ ಹೇಳಿ, ದೊಡ್ಡ ಆಸ್ಪತ್ರೆಗೆ ಉದ್ದದ ಪತ್ರ ಬರೆದರು. ಅವರು ವರ್ಗವಾಗಿ ಹೋಗುವವರೆಗೆ ಒಮ್ಮೆಯೂ ಈ ಮಾತು ಎತ್ತಲಿಲ್ಲ. ಆದರೆ ಅಂದಿನ ಮೇಲೆ ನಾನು ಏನು ಹೇಳಿದರೂ "ಖರೇನ?" ಎಂದು ಒಮ್ಮೆ ಕೇಳುತ್ತಿದ್ದರು. ಮೊದಲು ಕೇಳುತ್ತಿರಲಿಲ್ಲ.

ಲೀಲಾ ಬದುಕಿದಳು. ಬಸಿರು ಉಳಿಯಲಿಲ್ಲ. ಕವಾಟವನ್ನು ಬಲೂನಿನಿಂದ ಹಿಗ್ಗಿಸಿದರು, ಕೆಲವು ವರ್ಷದ ಮೇಲೆ ಲೋಹದ ಕವಾಟ ಹಾಕಿದರು. ಮತ್ತೆ ಮಕ್ಕಳು ಬೇಡವೆಂದರು. ನಾನು ಹೆದರಿದ್ದ ಬೀಗರು ಅವಳನ್ನು ಅಟ್ಟಲಿಲ್ಲ. ಲೋಹದ ಕವಾಟದವರು ರಕ್ತ ತೆಳುವಾಗಿಡುವ ಮಾತ್ರೆ ನುಂಗಬೇಕು, ಅದರ ರಕ್ತ ಪರೀಕ್ಷೆಗೆ ಅವಳ ಗಂಡ ಇಂದಿಗೂ ತಾವೇ ಕರೆದುಕೊಂಡು ಹೋಗುತ್ತಾರೆ. ಮೊದಲೇ ಹೇಳಿದ್ದರೂ ಅವರು ಹೀಗೇ ಇರುತ್ತಿದ್ದರು ಎಂದು ನನಗೀಗ ಗೊತ್ತು.

ನಾನು ಸೊರಬದ ಕಡೆ ವರ್ಗ ಕೇಳಿ ಪಡೆದದ್ದು ಅವಳ ಹತ್ತಿರ ಇರಲು. ಅಲ್ಲಿ ಕಾಲ ಬದಲಾಗಿತ್ತು. ಈಗ ಎಕೋ ಯಂತ್ರವಿದೆ. ಕವಾಟ ಎಷ್ಟು ತೆರೆಯುತ್ತದೆ, ಎಷ್ಟು ಸೋರುತ್ತದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುತ್ತದೆ. ಒಬ್ಬರಲ್ಲೇ ಎರಡೂ ಇದ್ದರೆ ಅದನ್ನೂ ಹೇಳುತ್ತದೆ. ನನ್ನ ಕೈಗೆ ಅಷ್ಟು ತಿಳಿಯುತ್ತಿರಲಿಲ್ಲ. ಹೆಂಗಸು ಡಾಕ್ಟರುಗಳೂ ಬಂದಿದ್ದಾರೆ. ಆಯಾಗಳು ಕೈ ಇಟ್ಟು ನೋಡುವ ಕಾಲ ಹೋಯಿತು, ಹೋಗಿದ್ದು ಒಳ್ಳೆಯದೇ. ಆದರೆ ಯಂತ್ರದವರೆಗೆ ರೋಗಿಯನ್ನು ಕರೆತರುವವರು ಇನ್ನೂ ನೀವೇ. ಗೋಡೆಗೆ ಒರಗಿ ಮಲಗುವವಳು, ನಡುದಾರಿಯಲ್ಲಿ ಕೊಡ ಇಳಿಸುವವಳು, ಕೀಲು ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವ ಮಗು ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ. ಆ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪದಂತೆ ನೋಡಿಕೊಂಡರೆ ಕವಾಟ ಉಳಿಯಬಹುದು. ನಾನು ಕೆಲಸ ಬಿಡುವವರೆಗೆ ಅಂಥ ಮಕ್ಕಳ ಮನೆಗೆ ಹೋಗಿ ಕರೆತರುತ್ತಿದ್ದೆ. ಈಗಲೂ ಹೋಗುತ್ತೇನೆ. "ಬಂತಪ್ಪಾ ಸೂಜಿ ಅಜ್ಜಿ" ಎಂದು ಮಂಚದ ಕೆಳಗೆ ತೂರಿಕೊಳ್ಳುತ್ತಾರೆ. ಕಾಲು ಹಿಡಿದು ಎಳೆಯುತ್ತೇನೆ.

ಇಷ್ಟು ಬರೆದ ಮೇಲೆ, ಇದು ಅಚ್ಚಾಗುವ ಮೊದಲು ಲೀಲಾಳ ಕಿವಿಗೆ ಬೀಳಬೇಕೆಂದು ನಿರ್ಧರಿಸಿ ಮೊನ್ನೆ ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳು ಸೊಪ್ಪು ಸೋಸುತ್ತಿದ್ದಳು. ಮೊದಲಿನಿಂದ ಓದಿದೆ. ತಲೆದಿಂಬಿನ ಕತೆಗೆ ನಕ್ಕಳು. ಬಚ್ಚಲಿನ ಭಾಗ ಬಂದಾಗ ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಮನೆಯಲ್ಲಿ ಅವಳ ಎದೆಯೊಳಗಿನ ಲೋಹದ ಟಿಕ್ ಟಿಕ್ ಒಂದೇ ಕೇಳಿಸುತ್ತಿತ್ತು.

"ಅವತ್ತೇ ಹೇಳಿದ್ರೆ ಏನಾಗ್ತಿತ್ತೇ ಅಕ್ಕಾ?"

"ಮದ್ವೆ ಒಂದ್ವರ್ಷ ಮುಂದೆ ಹೋಗ್ತಿತ್ತು. ಮೊದ್ಲೇ ಬಲೂನ್ ಹಾಕಿಸ್ಬೋದಿತ್ತು."

"ಆಮ್ಯಾಲೆ?"

"ಆಮ್ಯಾಲೆ ಮಗು ಆಗ್ತಿತ್ತೋ ಏನೋ."

ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಕಾಗದದ ಕಡೆ ಕೈ ತೋರಿಸಿದಳು. "ಅದ್ರಾಗೆ ಏನ್ ಬರ್ದೀ? 'ಬಸಿರು ಉಳಿಯಲಿಲ್ಲ' ಅಂತನಾ? ಅಷ್ಟೇನಾ?"

"ಹೂಂ."

"ಅದು ಬಸಿರಲ್ಲ ಅಕ್ಕಾ. ಹುಟ್ಟಿತ್ತು. ನಂಗೆ ಎಚ್ಚರ ಇರ್ಲಿಲ್ಲ, ನೀನೇ ನೋಡ್ದೋಳು. ಕರೆಕ್ಟಾಗಿ ಬರಿ. ಓದೋ ಹುಡ್ಗೇರಿಗೆ ಗೊತ್ತಾಗ್ಲಿ."

ಆ ಗೆರೆಯನ್ನು ಹೊಡೆದು ಹಾಕಿಲ್ಲ. ನಾನು ಹೇಗೆ ಬರೆದು ತಪ್ಪಿಸಿಕೊಳ್ಳಲು ನೋಡಿದೆ ಎಂದು ನಿಮಗೂ ಕಾಣಲಿ. ಲೀಲಾ ಹೇಳಿದ ಹಾಗೆ ಸರಿಯಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಣ್ಣುಮಗು. ಹೊತ್ತಿಗೆ ಮುಂಚೆ ಹುಟ್ಟಿತು. ಎರಡು ದಿನ ಇತ್ತು. ಕೂದಲು ತುಂಬ ಇತ್ತು. ನನ್ನ ಬೆರಳು ಹಿಡಿದುಕೊಂಡಿತ್ತು. ಅದರ ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತು.